ಏಳನೆಯ ಸಾಲಿನ ಶೇಂಗಾ

ಪಕ್ಕದ ಮನೆಯ ಗಾರ್ಡ್ ಸಾಹೇಬರ ಬಲಗೈಯ ಹೆಬ್ಬೆರಳೂ ತೋರುಬೆರಳೂ ಸದಾ ಹಳದಿಯಾಗಿರುತ್ತಿದ್ದವು. ಚುರುಮುರಿಯ ಅರಿಸಿಣ, ಮಿರ್ಚಿ ಭಜಿಯ ಎಣ್ಣೆ, ಪುಟಾಣಿ ಹಿಟ್ಟು ಎಲ್ಲವೂ ಸೇರಿ ಆ ಎರಡು ಬೆರಳುಗಳ ಮೇಲೆ ಸಾಬೂನಿಗೂ ಮಣಿಯದ ಒಂದು ಲೇಪ ಕೂತಿತ್ತು. ಅವೇ ಬೆರಳುಗಳಿಂದ ಅವರು ನನ್ನ ವಜೀರನ ಕುತ್ತಿಗೆ ಹಿಡಿದೆತ್ತಿ ಮಣೆಯ ಹೊರಗೆ ಇಡುತ್ತಿದ್ದರು. ವಜೀರ ಹೋದುದಕ್ಕಿಂತ, ಹೋಗುವಾಗ ಎಣ್ಣೆ ಮೆತ್ತಿಕೊಂಡು ಹೋದುದು ನನ್ನನ್ನು ಹೆಚ್ಚು ನೋಯಿಸುತ್ತಿತ್ತು. ಆ ಚದುರಂಗದ ಕಾಯಿಗಳು ಬೀಟೆ ಮರದವು, ನನ್ನ ತಂದೆಯವರು ಆಡಿದವು. ಆಟ ಮುಗಿಸಿ ಮನೆಗೆ ಬಂದ ಮೇಲೆ ಒಂದೊಂದನ್ನೂ ಮೊದಲು ಒದ್ದೆಬಟ್ಟೆಯಿಂದ, ಆಮೇಲೆ ಒಣಬಟ್ಟೆಯಿಂದ ಒರೆಸಿ ಪೆಟ್ಟಿಗೆಗೆ ಹಾಕುವುದು ನನ್ನ ಪಾಲಿಗೆ ಬಂದ ಕೆಲಸವಾಗಿತ್ತು. ಇದನ್ನು ನಾನು ಅವರಿಗೆ ಹಲವು ಸಲ ತಿಳಿಸಿದ್ದೆ.

"ಒರಸ್ರಿ, ಒರಸ್ರಿ. ಕಟಗಿಗೆ ಎಣ್ಣಿ ಛಲೋ," ಎಂದು ಅವರು ಇನ್ನೊಂದು ಭಜಿ ಮುರಿಯುತ್ತಿದ್ದರು.

ಬೆಂಗೇರಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅವರು ರೈಲ್ವೆಯಲ್ಲಿ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದು ನಿವೃತ್ತರಾದವರು. ನಾನು ಸರಕಾರದ ಲೆಕ್ಕತಪಾಸಣೆಯಲ್ಲಿ ಕೂದಲು ಬೆಳ್ಳಗಾಗಿಸಿಕೊಂಡವನು. ನಾನು ಅವರನ್ನು ಗಾರ್ಡ್ ಸಾಹೇಬರೆಂದೂ ಅವರು ನನ್ನನ್ನು ಆಡಿಟರರೆಂದೂ ಕರೆಯುವ ರೂಢಿ. ನನ್ನ ನಿವೃತ್ತಿಯ ಸಮಾರಂಭಕ್ಕೆ ಬಂದು, ಶಿರಾ ಎರಡು ಸಲ ಹಾಕಿಸಿಕೊಂಡು, ನಾನು ಭಾಷಣಕ್ಕೆ ಎದ್ದು ನಿಲ್ಲುತ್ತಿದ್ದಂತೆ ಹೊರಟುಹೋದವರು ಇವರು. ಮರುದಿನ ಕಾರಣ ಕೇಳಿದೆ.

"ಭಾಷಣ ಅಂದ್ರ ಗೂಡ್ಸ್ ಗಾಡಿ ಇದ್ದಂಗ್ರಿ ಆಡಿಟರ್ರ. ಎಲ್ಲಿ ನಿಂದರತೈತಿ, ಯಾಕ ನಿಂದರತೈತಿ, ಯಾರಿಗೂ ಗೊತ್ತಿರಂಗಿಲ್ಲ. ನಾ ಜಿಂದಗಿಪೂರ್ತಿ ಅದರಾಗ ಕುಂತು ಬಂದೇನಿ."

ಅವರ ಮನೆಯವರು, ನಾನು ವೈನಿ ಎಂದು ಕರೆಯುವವರು, ಬಾಗಿಲಲ್ಲಿ ನಿಂತು ನಕ್ಕರು. ಅದೂ ನನ್ನ ನೆನಪಿನಲ್ಲಿದೆ.

ಸಂಜೆಯಾದರೆ ಅವರ ಕಟ್ಟೆಯ ಮೇಲೆ ಆಟ. ಮಣೆ ನನ್ನದು, ತಿನಿಸು ಅವರದು. ಸ್ಕೂಟರಿನಲ್ಲಿ ಕಮರಿಪೇಟೆಯವರೆಗೆ ಹೋಗಿ ಭಜಿ ಕಟ್ಟಿಸಿಕೊಂಡು ಬರುತ್ತಿದ್ದರು. ಹೋಗಲಾಗದ ದಿನ ವೈನಿ ಒಗ್ಗರಣೆಯ ಚುರುಮುರಿಯನ್ನೋ ಹುರಿದ ಶೇಂಗಾವನ್ನೋ ತಂದಿಡುತ್ತಿದ್ದರು. ಬಾಯಿ ಆಡದಿದ್ದರೆ ತಲೆ ಆಡುವುದಿಲ್ಲ ಎಂಬುದು ಅವರ ಸಿದ್ಧಾಂತ. ಅದಕ್ಕೆ ನನ್ನ ಆಕ್ಷೇಪವಿರಲಿಲ್ಲ. ನನ್ನ ಆಕ್ಷೇಪವೆಲ್ಲ ಅವರು ತಿನಿಸನ್ನು ನನ್ನ ಕಡೆಗೆ ಸರಿಸುವ ಹೊತ್ತಿನ ಬಗ್ಗೆ. ನಾನು ಕುದುರೆಯ ಮೇಲೆ ಬೆರಳಿಟ್ಟು, ಮುಂದಿನ ನಡೆಗಳನ್ನೆಲ್ಲ ಮನಸ್ಸಿನಲ್ಲಿ ಜೋಡಿಸುತ್ತ, ಇನ್ನೇನು ದಾರಿ ಕಂಡಿತು ಅನ್ನುವಷ್ಟರಲ್ಲಿ ಕಾಗದದ ಪೊಟ್ಟಣ ಮೂಗಿನ ಕೆಳಗೆ ಬಂದಿರುತ್ತಿತ್ತು.

"ತಿನ್ರಿ. ಆರಿ ಹೊಂಟಾವು."

ಭಜಿಯನ್ನು ನೋಡಿ ಮತ್ತೆ ಮಣೆಯನ್ನು ನೋಡುವಷ್ಟರಲ್ಲಿ ಕಂಡಿದ್ದ ದಾರಿ ಮಾಯವಾಗಿರುತ್ತಿತ್ತು. ತಮ್ಮ ಸರದಿಯಿದ್ದಾಗ ಅವರು ಒಮ್ಮೆಯೂ ಹೀಗೆ ಉಪಚರಿಸಿದ್ದಿಲ್ಲ. ಇದು ತಂತ್ರವೆಂದು ನಾನು ಅವರ ಮುಖಕ್ಕೇ ಹೇಳಿದ್ದೆ. ಅವರೊಂದಿಗೆ ಆಡಿದ ಅಷ್ಟೂ ವರ್ಷಗಳಲ್ಲಿ ನಾನು ಒಂದು ಆಟವನ್ನೂ ಗೆದ್ದವನಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು.

ಆದರೆ ನನ್ನ ಹೆಂಡತಿ ತೀರಿಕೊಂಡ ದಿನಗಳ ಸಂಗತಿಯನ್ನೂ ಬಿಡುವಂತಿಲ್ಲ. ಬಂದವರೆಲ್ಲ ಧೈರ್ಯ ಹೇಳಿದರು. ಇವರು ಮಾತ್ರ ಒಂದು ಪೊಟ್ಟಣ ಹಿಡಿದು ಬಂದು, "ಮಣಿ ತರ್ರಿ," ಎಂದರು. ಇದೇನು ಆಟದ ಹೊತ್ತೇ ಎಂದು ನಾನು ಸಿಟ್ಟಾದೆ. "ಹೊತ್ತು ಕೇಳಿ ಯಾರಿಗೇನಾಗಬೇಕೈತ್ರಿ, ತರ್ರಿ," ಎಂದರು. ತಂದೆ. ಆಡಿದೆವು. ಆಟ ಮುಗಿದಾಗ ನೋಡಿದರೆ ಪೊಟ್ಟಣ ಬರಿದಾಗಿತ್ತು, ನನ್ನ ಬೆರಳುಗಳು ಹಳದಿಯಾಗಿದ್ದವು. ಅನ್ನದ ತಟ್ಟೆಯನ್ನು ದೂರ ಸರಿಸುತ್ತಿದ್ದ ನಾನು ಅಷ್ಟೂ ಚುರುಮುರಿಯನ್ನು ನನಗರಿವಿಲ್ಲದೆ ತಿಂದಿದ್ದೆ. ಮರುದಿನವೂ ಬಂದರು, ಅದರ ಮರುದಿನವೂ. ನಾನು ಬದುಕಿಕೊಂಡದ್ದು ಹೀಗೆ. ಹಾಗಿದ್ದೂ ಅಷ್ಟೂ ಆಟಗಳನ್ನು ಅವರೇ ಗೆದ್ದರು. ದುಃಖದಲ್ಲಿದ್ದವನಿಗೆ ಒಂದು ಪ್ಯಾದೆಯ ರಿಯಾಯಿತಿಯನ್ನೂ ತೋರಿಸಲಿಲ್ಲ. ಆ ಮನುಷ್ಯ ತಿನ್ನಿಸುವುದಕ್ಕೆಂದು ಆಡುತ್ತಿದ್ದರೋ, ಆಟ ಕೆಡಿಸುವುದಕ್ಕೆಂದು ತಿನ್ನಿಸುತ್ತಿದ್ದರೋ, ನಾನು ಇನ್ನೂ ತೀರ್ಮಾನಕ್ಕೆ ಬಂದಿಲ್ಲ.

ಈಗ ಶೇಂಗಾದ ವಿಷಯ. ಒಂದು ಸಂಜೆ ನನ್ನ ಕರಿಯ ಪ್ಯಾದೆಯೊಂದು ಕಾಣೆಯಾಯಿತು. ಹೊಡೆದ ಕಾಯಿಗಳನ್ನು ಅವರು ಚುರುಮುರಿಯ ಕಾಗದದ ಮೇಲೆಯೇ ಇಡುತ್ತಿದ್ದರು. ಉಳಿದ ಚುರುಮುರಿಯ ಜೊತೆಗೆ ಕಾಗದ ಮಡಚಿ ಮುದ್ದೆ ಮಾಡಿ ಕಸಕ್ಕೆ ಹಾಕಿದ್ದರು. ಬೆಳಿಗ್ಗೆ ಕಸದ ಗಾಡಿ ಬಂದು ಹೋಗಿತ್ತು. ನನ್ನ ತಂದೆಯವರ ಪ್ಯಾದೆ. ನಾನು ಕೇಳಲು ಹೋದಾಗ ಅವರು ಪಶ್ಚಾತ್ತಾಪಪಡುವುದು ಬಿಟ್ಟು ಸಿಪ್ಪೆ ಬಿಡಿಸದ ಶೇಂಗಾ ಒಂದನ್ನು ಆರಿಸಿ, ಪ್ಯಾದೆಯ ಮನೆಯಲ್ಲಿ ನಿಲ್ಲಿಸಿದರು. "ನೋಡ್ರಿ, ನಿಮ್ಮದಕ್ಕಿಂತ ಇದು ಭಾರೀ ಜವಾನ. ಹೊಟ್ಟ್ಯಾಗ ಎರಡು ಕಾಳು ಅದಾವು." ಅಂಗಿಯ ಗುಂಡಿ ಇಡೋಣವೆಂದೆ, ಒಪ್ಪಲಿಲ್ಲ. ಕೊನೆಗೆ ನಾನು ಒಂದು ನಿಯಮ ಮಾಡಿದೆ: ಪ್ಯಾದೆಯಾಗುವ ಶೇಂಗಾದ ನೆತ್ತಿಗೆ ನನ್ನ ಪೆನ್ನಿನಿಂದ ನೀಲಿ ಚುಕ್ಕೆ ಇಡತಕ್ಕದ್ದು. ದಿನವೂ ಹೊಸ ಶೇಂಗಾ, ದಿನವೂ ಹೊಸ ಚುಕ್ಕೆ.

ಮಳೆಗಾಲ ಶುರುವಾಗುವ ಹೊತ್ತಿನ ಒಂದು ಸಂಜೆ ಓಣಿಯ ಇಬ್ಬರು ಮೂವರು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಕರಿಯ ಕಾಯಿಗಳು ನನ್ನವು. ಆಟ ಕೊನೆಗೆ ಬಂದಿತ್ತು. ಎರಡೂ ಕಡೆ ಹೆಚ್ಚು ಕಾಯಿಗಳು ಉಳಿದಿರಲಿಲ್ಲ. ನನ್ನ ಶೇಂಗಾ ಒಂದೊಂದೇ ಮನೆ ದಾಟಿ ಏಳನೆಯ ಸಾಲಿಗೆ ಬಂದು ನಿಂತಿತ್ತು. ಇನ್ನೊಂದು ಮನೆ ಮುಂದಿಟ್ಟರೆ ಅದು ವಜೀರ. ಅದನ್ನು ತಡೆಯಬಲ್ಲ ಕಾಯಿ ಅವರ ಬಳಿ ಇರಲಿಲ್ಲ. ಸರದಿ ಅವರದು. ಬಹಳ ಹೊತ್ತು ಮಣೆಯನ್ನೇ ನೋಡಿದರು. ಕೈ ತಟ್ಟೆಗೆ ಹೋಯಿತು. ತಟ್ಟೆಯಲ್ಲಿ ಸಿಪ್ಪೆ ಮಾತ್ರ ಉಳಿದಿತ್ತು. ಅಲ್ಲಿಂದ ಕೈ ಮಣೆಗೆ ಬಂತು, ಏಳನೆಯ ಸಾಲಿನಿಂದ ನನ್ನ ಪ್ಯಾದೆಯನ್ನು ಎತ್ತಿಕೊಂಡಿತು, ಎಂದಿನಂತೆ ಹಲ್ಲಿಗಿಟ್ಟು ಕಟ್ಟೆಂದು ಒಡೆದು, ಕಾಳೆರಡನ್ನೂ ಬಾಯಿಗೆ ಹಾಕಿತು.

"ಗಾರ್ಡ್ ಸಾಹೇಬ್ರ! ಅದು ನನ್ನ ಪ್ಯಾದೆ!"

"ಯಾವುದ್ರಿ?"

"ಈಗ ತಿನ್ನಾಕತ್ತೀರಲ್ಲ, ಅದು!"

"ಶೇಂಗಾ ತಿನ್ನಾಕತ್ತೇನ್ರಿ. ನಿಮ್ಮ ಪ್ಯಾದೆ ನಾ ಆಗಳೇ ಹೊಡದು ಬಾಜೂಕ ಇಟ್ಟೇನಲ್ರಿ."

ಹೀಗೆಂದು ಅವರು ಪಕ್ಕದಲ್ಲಿ ಹುಡುಕಿದರು. ಹೊಡೆದ ಕಾಯಿಗಳನ್ನು ಒಂದೊಂದಾಗಿ ಮುಟ್ಟಿದರು. ಇಳಿಯಬೇಕಾದ ನಿಲ್ದಾಣ ಯಾವಾಗಲೋ ಹಿಂದಾಯಿತೆಂದು ತಿಳಿದ ಪ್ರಯಾಣಿಕನ ಮುಖದಂತಿತ್ತು ಆಗ ಅವರ ಮುಖ. ಅದನ್ನು ನಾನು ಕಂಡೆ. ಮರುಕ್ಷಣವೇ ಅದು ಹೋಯಿತು. ಹಳೆಯ ನಗೆ ಬಂತು.

"ಹೋಗ್ಲಿ ಬಿಡ್ರಿ. ಡ್ರಾ."

"ಡ್ರಾ ಅಲ್ರಿ, ನಿಮ್ಮ ಸೋಲು. ಇಲ್ಲೇ ಇತ್ತು ನನ್ನ ಪ್ಯಾದೆ. ವಜೀರ ಆಗ್ತಿತ್ತು."

"ಹಂಗಾರ ಕಾಯಿ ತೋರಸ್ರಿ."

ಕಟ್ಟೆಯೆಲ್ಲ ಗೊಳ್ಳೆಂದಿತು. ಬಾಗಿಲಲ್ಲಿ ವೈನಿಯೂ ಸೆರಗು ಬಾಯಿಗಿಟ್ಟು ನಕ್ಕರು. ನಾನು ತಟ್ಟೆಯಿಂದ ನೀಲಿ ಚುಕ್ಕೆಯ ಸಿಪ್ಪೆಯನ್ನು ಎತ್ತಿ ತೋರಿಸಿದೆ. ಅವರ ಕೆಳತುಟಿಯ ಮೇಲೆ ಹತ್ತಿದ್ದ ನೀಲಿಯನ್ನೂ ತೋರಿಸಿದೆ. ನಗೆ ಹೆಚ್ಚಾಯಿತೇ ಹೊರತು ನ್ಯಾಯ ಸಿಗಲಿಲ್ಲ. ನಾನು ಕಾಯಿಗಳನ್ನು ಪೆಟ್ಟಿಗೆಗೆ ತುಂಬಿ ಎದ್ದೆ. "ಭಜಿ ಕರಿಯಾಕತ್ತಾರ್ರಿ, ತಿಂದು ಹೋಗ್ರಿ!" ಎಂದು ಹಿಂದಿನಿಂದ ಕೂಗಿದರು. ನಾನು ತಿರುಗಿ ನೋಡಲಿಲ್ಲ.

ಆ ಮಳೆಗಾಲವೆಲ್ಲ ಮಾತಿಲ್ಲ. ಗೋಡೆಯ ಆಚೆ ಸ್ಕೂಟರಿನ ಸದ್ದು ಕೇಳುತ್ತಿತ್ತು. ಆಮೇಲೆ ಅದೂ ನಿಂತಿತು. ದೀಪಾವಳಿಯ ಸುಮಾರಿಗೆ ವೈನಿ ನಮ್ಮ ಗೇಟಿನ ಬಳಿ ಬಂದು ನಿಂತರು. ಕಮರಿಪೇಟೆಗೆ ಭಜಿ ತರಲು ಹೋದ ಅವರು ಮನೆಯ ದಾರಿ ಮರೆತು ಎಲ್ಲೆಲ್ಲೋ ತಿರುಗಿದರಂತೆ. ಗುರುತಿನ ಆಟೋದವನು ಕರೆತಂದು ಬಿಟ್ಟನಂತೆ. ಡಾಕ್ಟರರು ಇದು ಮರೆವಿನ ಕಾಯಿಲೆ, ಗುಣವಾಗುವಂಥದಲ್ಲ ಎಂದಿದ್ದರು.

"ಊಟ ಒಲ್ಲೆ ಅಂತಾರ್ರಿ. ಬಾಯಾಗ ತುತ್ತಿಟ್ರ ಉಗಳ್ತಾರ. ನಾ ಯಾರಂತನೂ ಒಮ್ಮೊಮ್ಮೆ ಗುರ್ತು ಹತ್ತಂಗಿಲ್ಲ." ಆಮೇಲೆ ನೆಲ ನೋಡುತ್ತ ಕೇಳಿದರು: "ಆಡಿಟರ್ರ, ಅವತ್ತ ನಿಮ್ಮ ಪ್ಯಾದೆ ತಿಂದ್ರಲ್ಲ... ಅವತ್ತೇ ಚಾಲೂ ಆಗಿತ್ತೇನ್ರಿ ಇದು? ನಾವೆಲ್ಲಾ ನಕ್ವಿ."

ನಾನು ಒಳಗೆ ಹೋಗಿ ಮಣೆ ತಂದೆ. ಕ್ಷಮಿಸಿ ಹೋದೆನೆಂದು ಯಾರೂ ತಿಳಿಯಬಾರದು. ಆಟ ಬಾಕಿಯಿತ್ತು.

ಅವರು ನನ್ನನ್ನು ಗುರುತಿಸಿದಂತೆ ಕಾಣಲಿಲ್ಲ. ಕಾಯಿಗಳನ್ನು ಗುರುತಿಸಿದರು. ಕುದುರೆಯನ್ನು ಆನೆಯಂತೆ ನೇರ ನಡೆಸಿದರು, ನನ್ನ ಒಂಟೆಯನ್ನು ತಮ್ಮದೆಂದು ಎತ್ತಿಕೊಂಡರು, ನಿಯಮಗಳೆಲ್ಲ ಚೂರಾಗಿದ್ದವು. ನಾನು ತಡೆಯಲಿಲ್ಲ. ಮೆದುವಾಗಿ ಕಲಸಿದ ಅವಲಕ್ಕಿಯ ತಟ್ಟೆಯನ್ನು ವೈನಿ ಮಣೆಯ ಪಕ್ಕದಲ್ಲಿಟ್ಟರು. ನಾನು ಯೋಚಿಸುವವನಂತೆ ಕೂತೆ. ಅವರ ಕೈ ತಾನಾಗಿಯೇ ತಟ್ಟೆಗೆ ಹೋಯಿತು. ಆ ಚಳಿಗಾಲ ಮತ್ತು ಅದರ ನಂತರದ ಬೇಸಿಗೆ, ಅವರು ಉಂಡದ್ದು ಬಹುಪಾಲು ಆ ಮಣೆಯ ಮುಂದೆಯೇ.

ಒಂದು ದಿನ ತಟ್ಟೆಯಲ್ಲಿ ಬೇಯಿಸಿದ ಶೇಂಗಾ ಇತ್ತು. ಆಟ ಆಗಷ್ಟೇ ಆರಂಭವಾಗಬೇಕು, ಕಾಯಿಗಳು ತಮ್ಮ ತಮ್ಮ ಮನೆಯಲ್ಲಿದ್ದವು. ಅವರು ಒಂದು ಶೇಂಗಾ ಎತ್ತಿದರು. ಬಾಯಿಗೆ ಒಯ್ಯಲಿಲ್ಲ. ತಮ್ಮ ಕಡೆಯ ಬಿಳಿಯ ಪ್ಯಾದೆಯೊಂದನ್ನು ಪಕ್ಕಕ್ಕೆ ಸರಿಸಿ, ಆ ಮನೆಯಲ್ಲಿ ಶೇಂಗಾವನ್ನು ನಿಲ್ಲಿಸಿದರು. ಅದು ಅದೇ ಮನೆ. ನನ್ನ ಏಳನೆಯ ಸಾಲು, ಅದೇ ಮನೆ. ನಾನು ಅದನ್ನು ಮರೆಯುವವನಲ್ಲ. ತಲೆಯೆತ್ತಿ ನನ್ನನ್ನು ನೋಡಿದರು. ಎಷ್ಟು ಹೊತ್ತು ನೋಡಿದರೋ. ಆಮೇಲೆ ಅದನ್ನು ಎತ್ತಿ ತಿಂದುಬಿಟ್ಟರು.

"ಗಾರ್ಡ್ ಸಾಹೇಬ್ರ, ನೆನಪೈತೇನ್ರಿ?" ಎಂದೆ. ಅವರು ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು. "ತಿನ್ರಿ," ಎಂದರು.

ಮುಂದಿನ ಮಳೆ ಬೀಳುವ ಮೊದಲೇ ಅವರು ತೀರಿಕೊಂಡರು.

ದಿನಕರ್ಮಗಳು ಮುಗಿದು ಬಂಧುಗಳು ಹೋದ ಮೇಲೆ ವೈನಿ ನನ್ನನ್ನು ಕರೆಸಿ ಕಟ್ಟೆಯ ಮೇಲೆ ಕೂರಿಸಿದರು. ಅದೇ ಪ್ರಶ್ನೆ. "ಖರೇ ಹೇಳ್ರಿ. ಅವತ್ತ ನಿಮ್ಮ ಎದುರಿಗೆ ಕುಂತಿದ್ದವರು ಅವರೇನೋ, ಇಲ್ಲಾ ಆಗಳೇ ಹೋಗಿದ್ರೋ? ಮಗ್ಗಲದಾಗ ಇದ್ದಾಕಿ ನಾ. ನಕ್ಕೋತ ನಿಂತೇನಿ. ಅವತ್ತೇ ದವಾಖಾನಿಗೆ ಕರಕೊಂಡು ಹೋಗಿದ್ರ... ರಾತ್ರೆಲ್ಲಾ ಅದ ತಲ್ಯಾಗ ಬರತೈತ್ರಿ."

ಸಾಕ್ಷ್ಯವಿಲ್ಲದ ಯಾವುದಕ್ಕೂ ನಾನು ನೌಕರಿಯಲ್ಲಿ ಸಹಿ ಹಾಕಿದವನಲ್ಲ. ಇಲ್ಲಿ ಸಾಕ್ಷ್ಯ ಎರಡು ಕಡೆಗೂ ಇತ್ತು. ಪಕ್ಕದಲ್ಲಿ ಪ್ಯಾದೆಯನ್ನು ಹುಡುಕಿದ ಆ ಮುಖ ಒಂದು ಕಡೆ. "ಕಾಯಿ ತೋರಸ್ರಿ" ಎಂದ ಆ ನಾಲಿಗೆ ಇನ್ನೊಂದು ಕಡೆ. ಅವರು ಅರಿಯದೆ ತಿಂದಿದ್ದರೆ ನನಗೆ ಅಪಮಾನವಾಗಿಲ್ಲ. ಆದರೆ ನನ್ನ ಗೆಳೆಯ ಅಂದೇ ಅರ್ಧ ಇಲ್ಲವಾಗಿದ್ದರು. ಅರಿತು ತಿಂದಿದ್ದರೆ ಅವರು ಮೋಸಗಾರರು. ಆದರೆ ಅಂದು ಪೂರ್ತಿ ಅವರೇ ಆಗಿದ್ದರು. ನನಗೆ ಯಾವುದು ಬೇಕಾಗಿತ್ತೆಂಬುದು ವೈನಿಯ ಮುಖ ನೋಡುವವರೆಗೆ ನನಗೇ ಗೊತ್ತಿರಲಿಲ್ಲ.

"ವೈನಿ, ಅವತ್ತ ಅವರು ಭಾಳ ಹುಷಾರಿದ್ರು," ಎಂದೆ. "ಸೋಲ್ತೇನಿ ಅಂತ ತಿಳೀತು, ನನ್ನ ಪ್ಯಾದೆ ತಿಂದು ಹಾಕಿದ್ರು. ಶುದ್ಧ ಮೋಸ. ನಾ ಸಾಯೂತನಕ ಇದನ್ನ ಬಿಡಂಗಿಲ್ಲ."

"ಬೇಕಂತ ತಿಂದ್ರಂತೀರಿ?"

"ಬೇಕಂತ. ತುಟಿ ಮ್ಯಾಲಿನ ಮಸಿ ನೋಡೇನಿ ನಾ."

ಅವರು ನನ್ನನ್ನು ನೋಡಿದರು, ಖಾಲಿ ಕಟ್ಟೆಯನ್ನು ನೋಡಿದರು. "ಭಾಳ ಖೋಡಿ ಮನಷ್ಯಾ ಬಿಡ್ರಿ," ಎಂದರು. ಹಾಗೆನ್ನುತ್ತ ಸೆರಗು ಬಾಯಿಗಿಟ್ಟುಕೊಂಡು ಅಂದು ಬಾಗಿಲಲ್ಲಿ ನಕ್ಕಂತೆಯೇ ನಕ್ಕರು.

ನಿಜ ಏನೆಂದು ನನಗೆ ಇಂದಿಗೂ ತಿಳಿದಿಲ್ಲ. ಆದರೆ ನಮ್ಮ ಅಂಗಳಕ್ಕೆ ಯಾರೇ ಬರಲಿ, ಗಾರ್ಡ್ ಸಾಹೇಬರು ನನಗೆ ಮಾಡಿದ ಆ ಅನ್ಯಾಯವನ್ನು ಮೊದಲಿನಿಂದ ಕೊನೆಯವರೆಗೆ ವಿವರಿಸದೆ ನಾನು ಕಳಿಸುವುದಿಲ್ಲ. ಗೋಡೆಯ ಆಚೆ ಕೇಳಿಸುವಷ್ಟು ಗಟ್ಟಿಯಾಗಿಯೇ ಹೇಳುತ್ತೇನೆ.