ಬ್ಯಾಗೇಜ್ ಇಲ್ಲದ ಟಿಕೆಟ್

ಉಳ್ಳಾಲದ ನೋಣಯ್ಯ ಕುವೈತಿನ ಒಂದು ಕಂಪೆನಿಯ ಗೋದಾಮಿನಲ್ಲಿ ಇಪ್ಪತ್ತೆರಡು ವರ್ಷ ಲೆಕ್ಕ ಬರೆದವನು. ಒಂದು ಬೋಲ್ಟು ಹೆಚ್ಚುಕಡಿಮೆಯಾದರೆ ಅವನಿಗೆ ಊಟ ಸೇರುತ್ತಿರಲಿಲ್ಲ. ಅಷ್ಟು ವರ್ಷದಲ್ಲಿ ಅವನು ಕಂಡ ಪರದೇಶವೆಂದರೆ ಕೆಲಸಗಾರರ ಕ್ಯಾಂಪು, ಗೋದಾಮು, ಎರಡರ ನಡುವೆ ಓಡುವ ಬಸ್ಸಿನ ಕಿಟಕಿ. ಹೆಂಡತಿ ಬಾಗಿ ಅಷ್ಟನ್ನೂ ಕಂಡವಳಲ್ಲ. ಅವಳ ಪಾಲಿನ ಪರದೇಶ, ರಜೆಗೆ ಬರುವ ಗಂಡನ ಜೊತೆ ಇಳಿಯುತ್ತಿದ್ದ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆ.

ಆ ಪೆಟ್ಟಿಗೆ ಅಂಗಳದಲ್ಲಿ ಬಿಚ್ಚಿಕೊಳ್ಳುವ ಮೊದಲೇ ಅರ್ಧ ಹಂಚಿಹೋಗಿರುತ್ತಿತ್ತು. ಮೊದಲ ಪಾಲು ಅಕ್ಕನ ಮನೆಗೆ, ಆಮೇಲೆ ಉಳಿದ ಮೂವತ್ತಮೂರು ಮನೆಗಳಿಗೆ: ಸೋಪು, ಟಾರ್ಚು, ತಲೆನೋವಿನ ಎಣ್ಣೆ, ಕಂಬಳಿ. ಒಂದೆರಡು ವರ್ಷ ಸೋಪು ಕಡಿಮೆ ಬಿದ್ದಾಗ ಮಂಗಳೂರಿನ ಹಂಪನಕಟ್ಟೆಯಲ್ಲೇ ಕೊಂಡು ಪೆಟ್ಟಿಗೆಗೆ ಸೇರಿಸಿದ್ದುಂಟು. ಕುವೈತಿನ ಸೋಪಿನ ಪರಿಮಳವೇ ಬೇರೆ ಎಂದು ನೆಂಟರೆಲ್ಲ ಮೂಸಿ ಮೆಚ್ಚಿದರು. ಸರಕಿಗಿಂತ ಅದು ಬಂದ ದಾರಿಗೆ ಬೆಲೆ ಹೆಚ್ಚು.

ಕೆಲಸ ಬಿಟ್ಟು ಬಂದ ಮೂರನೇ ವರ್ಷ, ಗಂಡ ಹೆಂಡತಿ ಸೇರಿ ಐದು ತಿಂಗಳು ಮಲೇಷ್ಯಾ, ಥಾಯ್ಲೆಂಡ್, ವಿಯೆಟ್ನಾಂ ಸುತ್ತುವುದೆಂದು ನಿಶ್ಚಯವಾಯಿತು. ಕೈಯಲ್ಲಿದ್ದದ್ದು ಏಳು ಲಕ್ಷ. ನೋಣಯ್ಯ ಹಳೆಯ ಗೋದಾಮಿನ ಶಿಸ್ತಿನಲ್ಲಿ ಲೆಕ್ಕ ಹಾಕಿದ. ರೂಮು, ಊಟ, ಬಸ್ಸು ಸೇರಿ ಇಬ್ಬರಿಗೆ ದಿನಕ್ಕೆ ಎರಡು ಸಾವಿರದ ಆರುನೂರು. ನೂರೈವತ್ತು ದಿನಕ್ಕೆ ಮೂರು ಲಕ್ಷ ತೊಂಬತ್ತು ಸಾವಿರ. ವಿಮಾನ, ವೀಸಾ, ವಿಮೆಗೆ ಒಂದು ಲಕ್ಷ ಅರವತ್ತು. ಕಾಯಿಲೆ ಕಸಾಲೆಗೆಂದು ಮುಟ್ಟದೆ ಇಡುವುದು ಒಂದು ಲಕ್ಷ. ಕೊನೆಯ ಸಾಲಿನಲ್ಲಿ, ಪೆನ್ನು ತಡೆಯದೆ, ‘ಪೆಟ್ಟಿಗೆ: ಒಂದು ಲಕ್ಷ ಎಂಬತ್ತು ಸಾವಿರ’ ಎಂದು ಬರೆದ. ಒಟ್ಟು ಎಂಟು ಲಕ್ಷ ಮೂವತ್ತು ಸಾವಿರ.

ಎರಡು ದಿನ ತಲೆ ಕೆಡಿಸಿಕೊಂಡು ದಾರಿ ಹುಡುಕಿದ.

“ಬಾಗಿ, ನೀನು ಮೊದಲ ಒಂದು ತಿಂಗಳು ಇದ್ದು ವಾಪಸ್ ಬಂದ್ರೆ ಎಲ್ಲ ಸರಿಹೋಗ್ತದೆ. ಆಮೇಲೆ ನನಗೊಬ್ಬನಿಗೆ ಸಣ್ಣ ರೂಮು ಸಾಕು, ಊಟ ಬಸ್ಸಿನ ಖರ್ಚೂ ಅರ್ಧ ಉಳೀತದೆ.”

ಬಾಗಿ ಮೀನು ಕೊಯ್ಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

“ಪೆಟ್ಟಿಗೆಗೆ ಎಷ್ಟು ಬರ್ದಿದ್ದೀರಿ?”

ಅವನು ಹೇಳಿದ.

“ಹಾಗಾದ್ರೆ ಪೆಟ್ಟಿಗೆ ಐದು ತಿಂಗಳು ತಿರುಗಿ ಬರ್ಲಿ. ನಾನು ಮನೆಯಲ್ಲೇ ಇರ್ತೇನೆ. ನನಗೆ ಅಭ್ಯಾಸ ಉಂಟು.”

ತಮಾಷೆಯ ಮಾತಿನಂತೆ ಇತ್ತು. ಅವಳು ನಗಲಿಲ್ಲ. ಅವನು ಮತ್ತೆ ಕಾಗದ ಬಿಡಿಸಿದ. ಕೂಡಿಸುವುದರಲ್ಲಿ ತಪ್ಪೇ ಇರಲಿಲ್ಲ. ಇಪ್ಪತ್ತೆರಡು ವರ್ಷ ಯಾರೂ ತಪ್ಪು ಹಿಡಿಯದ ಹಾಗೆ ಲೆಕ್ಕ ಬರೆದವನಿಗೆ, ಹೊರಗೆ ಹೋಗುವುದೆಂದರೆ ತರುವುದು ಎಂಬುದೊಂದೇ ಗೊತ್ತಿತ್ತು.

ಮರುವಾರ ಇಬ್ಬರೂ ಕದ್ರಿಯ ಡೆನ್ಜಿಲನ ಟಿಕೆಟ್ ಆಫೀಸಿಗೆ ಹೋದರು. ಗಲ್ಫಿನ ಟಿಕೆಟುಗಳನ್ನೂ ಮಾಡಿಕೊಟ್ಟವನು ಅವನೇ.

“ನೋಣಯ್ಯಣ್ಣ, ಬರುವಾಗ ಎಷ್ಟು ಕಿಲೋ ಹಾಕ್ಲಿ? ನಿಮ್ಮದು ಗೊತ್ತುಂಟಲ್ಲ, ಮೂವತ್ತಕ್ಕೆ ನಿಲ್ಲುವ ಜನ ಅಲ್ಲ ನೀವು!”

ನೋಣಯ್ಯ ಬಾಗಿಯ ಕಡೆ ನೋಡಿದ. ಅವಳು ಗೋಡೆಯ ಮೇಲಿನ ಭೂಪಟ ನೋಡುತ್ತಿದ್ದಳು.

“ಬ್ಯಾಗೇಜ್ ಬೇಡ,” ಎಂದ ನೋಣಯ್ಯ. “ಕೈಚೀಲ ಸಾಕು. ಇಬ್ಬರದ್ದೂ ಬರುವ ದಿನ ಒಂದೇ ಹಾಕು.”

“ಎಂತ ಮಾರಾಯ್ರೆ, ಹುಷಾರುಂಟಾ?”

“ಹಾಕು ಅಂದೆನಲ್ಲ.”

ಆ ಸಂಜೆ ಅಕ್ಕನಿಗೆ ಫೋನು ಮಾಡಿ, ಈ ಸಲ ಏನೂ ತರುವುದಿಲ್ಲ ಅಂದ. “ಆಯ್ತು. ನಮ್ಮನ್ನು ಮರೆಯುವಷ್ಟು ದೊಡ್ಡವ ಆದೆ,” ಎಂದು ಅಕ್ಕ ಫೋನು ಇಟ್ಟಳು. ಹೊರಡುವ ದಿನ ಅಕ್ಕ ಬರಲಿಲ್ಲ; ಅಕ್ಕ ಬಾರದ ಮೇಲೆ ಉಳಿದ ಮನೆಯವರೂ ಬರಲಿಲ್ಲ. ಪೆಟ್ಟಿಗೆಯ ಜೊತೆ ಎಷ್ಟು ಜನ ಬರುತ್ತಿದ್ದರೆಂಬ ಲೆಕ್ಕ ಅವನಿಗೆ ಅವತ್ತೇ ಸಿಕ್ಕಿದ್ದು.

ಬಜಪೆಯ ವಿಮಾನ ನಿಲ್ದಾಣದ ಆ ಬಾಗಿಲನ್ನು ಅವನು ಎಷ್ಟೋ ಸಲ ದಾಟಿದ್ದ. ಪ್ರತಿ ಸಲವೂ ಒಳಗೆ ಹೆಜ್ಜೆಯಿಡುವ ಮೊದಲು ಹಿಂತಿರುಗಿ, ಕಂಬಿಯಾಚೆ ಸೆರಗು ಹಿಡಿದು ನಿಂತ ಬಾಗಿಯನ್ನು ನೋಡುತ್ತಿದ್ದ. ಇವತ್ತೂ ಕುತ್ತಿಗೆ ತಾನಾಗಿ ತಿರುಗಿತು. ಕಂಬಿಯ ಬಳಿ ಯಾರೋ ಬೇರೆಯ ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ಅವನು ಒಂದು ಕ್ಷಣ ಗಾಬರಿಯಾಗಿ ಹುಡುಕಿದ.

“ಅಲ್ಲೆಂತ ನೋಡ್ತೀರಿ?” ಬಾಗಿಲ ಬಳಿಯ ಸಾಲಿನಿಂದ ಬಾಗಿ ಕರೆದಳು. “ಟಿಕೆಟು ನಿಮ್ಮ ಹತ್ರ ಉಂಟು. ಬೇಗ ಬನ್ನಿ.”