ಅತ್ತಿಗೆ ಕಟ್ ಮಾಡಿದ ಫೋನು

ನಮ್ಮ ಅತ್ತಿಗೆಯ ಬಗ್ಗೆ ಬೀದಿಯಲ್ಲಿ ಈಗ ಎರಡು ಮಾತು ಓಡಾಡುತ್ತಿವೆ. ಫೋನಿನಲ್ಲಿ ಮೋಸ ಮಾಡುವವರನ್ನು ಅವಳಷ್ಟು ಚೆನ್ನಾಗಿ ಓಡಿಸುವವರು ಇನ್ನೊಬ್ಬರಿಲ್ಲ ಎನ್ನುವುದು ಒಂದು. ಗಂಡ ಸಾಯುವ ಮುಂಚೆ ಮಾಡಿದ ಫೋನನ್ನೂ ಹಾಗೇ ಓಡಿಸಿದಳು ಎನ್ನುವುದು ಇನ್ನೊಂದು. ಎರಡೂ ನಿಜ. ಆದರೆ ಎರಡನೆಯದನ್ನು ಚಪ್ಪರಿಸಿಕೊಂಡು ಹೇಳುವವರ ಬಾಯಿಗೆ ಬೀಗ ಜಡಿಯಬೇಕು ಅನ್ನಿಸುತ್ತದೆ. ಸತ್ತವನು ನನ್ನ ಒಡಹುಟ್ಟಿದ ಅಣ್ಣ. ನನಗಿಲ್ಲದ ದೂರು ಇವರಿಗೇಕೆ? ಅತ್ತಿಗೆಗಂತೂ ಈ ಮಾತುಗಳು ಕಿವಿಗೇ ಬೀಳುತ್ತಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಉತ್ತರ. ತಾನು ಫೋನ್ ಕಟ್ ಮಾಡಿದಾಗ ಅವರು ಏನಂದುಕೊಂಡರು? ಹೆಂಡತಿ ಕೈಬಿಟ್ಟಳು ಅಂದುಕೊಂಡೇ ಹೋದರಾ? ತಿಂಗಳುಗಟ್ಟಲೆ ಅವಳು ಇದನ್ನೇ ಕೇಳಿದಳು, ನನ್ನನ್ನು, ಗೋಡೆಯನ್ನು, ಹೊಲಿಗೆ ಮೆಷೀನನ್ನು.

ಅತ್ತಿಗೆ ಮೊದಲು ಹೀಗಿರಲಿಲ್ಲ. ಯಾರಿಗೂ 'ಆಗಲ್ಲ' ಅನ್ನಲು ಬಾರದ ಹೆಂಗಸು. ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗೆ ಗೂಡಿನಂಥ ಅಂಗಡಿ ಅವಳದು. ಪ್ಯಾಂಟಿನ ಉದ್ದ ಮಡಿಸುವುದು, ಜಿಪ್ ಬದಲಿಸುವುದು, ದಪ್ಪಗಾದವರ ಸೊಂಟ ಸಡಿಲ ಮಾಡುವುದು, ಇಂಥ ಕೆಲಸ. ಜಿಪ್ ಹಾಕಿಸಿಕೊಳ್ಳಲು ಬಂದವರು ಕಿತ್ತ ಜೇಬು, ಹೋದ ಗುಂಡಿ, ಬಿಟ್ಟ ಹೊಲಿಗೆ ಎಲ್ಲವನ್ನೂ ಮುಂದಿಟ್ಟು, 'ಹಾಗೇ ಒಂಚೂರು ಹಾಕ್ಬಿಡಿ ಅಕ್ಕ' ಎಂದು ಹಲ್ಲು ಕಿರಿದರೆ ಮುಗಿಯಿತು, ಅದೆಲ್ಲ ಪುಕ್ಕಟೆ. ನಾನು ಸಿಡುಕಿದರೆ, "ಹೋಗ್ಲಿ ಬಿಡೆ, ಒಂದು ದಾರದ ತುಂಡು ತಾನೆ" ಅನ್ನುತ್ತಿದ್ದಳು. ದಾರದಂಗಡಿಯವನು ಮಾತ್ರ ಅವಳಿಗೆ ಯಾವತ್ತೂ ಪುಕ್ಕಟೆ ಕೊಡಲಿಲ್ಲ.

ಅಣ್ಣ ಲಿಫ್ಟ್ ರಿಪೇರಿ ಮಾಡುವವನು. ಇವತ್ತು ಈ ಕಟ್ಟಡ, ನಾಳೆ ಆ ಕಟ್ಟಡ. ಕೈಗೆ ಯಾವಾಗಲೂ ಗ್ರೀಸು, ಬಾಯಿಗೆ ಯಾವಾಗಲೂ ತಮಾಷೆ. ಯಾರ ದನಿಯನ್ನಾದರೂ ಹಾಗೆಹಾಗೇ ತೆಗೆಯುತ್ತಿದ್ದ. ಚಿಕ್ಕವರಿದ್ದಾಗ ಅಪ್ಪನ ದನಿಯಲ್ಲಿ ಹೊರಗಿನಿಂದ ಕೂಗಿ ನನ್ನನ್ನು ಪುಸ್ತಕದ ಮುಂದೆ ಕೂರಿಸಿ, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಹೊಸ ಮೆಷೀನಿಗೆಂದು ಅತ್ತಿಗೆ ಹೊಟ್ಟೆ ಬಟ್ಟೆ ಕಟ್ಟಿ ಬ್ಯಾಂಕಿನಲ್ಲಿ ಕೂಡಿಟ್ಟದ್ದು ಒಂದು ಮಧ್ಯಾಹ್ನ ಹೋಯಿತು. ಕರೆಂಟ್ ಆಫೀಸಿನವನಂತೆ. ಬಿಲ್ ಬಾಕಿ ಇದೆ, ಸಂಜೆಗೆ ಲೈನ್ ತೆಗೆಯುತ್ತೇವೆ ಎಂದನಂತೆ. ಕರೆಂಟ್ ಹೋದರೆ ಮೆಷೀನ್ ನಿಲ್ಲುತ್ತದೆಂಬ ಗಾಬರಿಯಲ್ಲಿ, ಫೋನಿಗೆ ಬಂದ ಓಟಿಪಿಯನ್ನು ಪಾಠ ಒಪ್ಪಿಸುವ ಹಾಗೆ ಓದಿ ಹೇಳಿದಳು. ಸಾಲದ್ದಕ್ಕೆ ಅವನಿಗೆ 'ತುಂಬಾ ಉಪಕಾರ ಆಯ್ತು ಸಾರ್' ಅಂತ ಬೇರೆ ಅಂದಳು. ಅಣ್ಣ ಸಂಜೆ ಬಂದಾಗ ಅವಳು ಅಡುಗೆಮನೆಯ ನೆಲದ ಮೇಲೆ ಕೂತಿದ್ದಳು. ಅವನು ಒಂದು ಮಾತೂ ಬೈಯಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಹೊಲಿಗೆ ಕಲ್ತೆ ತಾನೆ? ಬೇಡ ಅನ್ನೋದನ್ನೂ ಕಲಿ. ಅದೂ ಕೈ ಪಳಗೋ ಕೆಲಸವೇ. ನಾನು ಕಲಿಸ್ತೀನಿ" ಅಂದ.

ಅವನು ಕಲಿಸಿದ ರೀತಿ ಲೋಕದಲ್ಲಿ ಬೇರೆ ಯಾರೂ ಕಲಿಸಿರಲಾರರು. ಕೆಲಸಕ್ಕೆ ಹೋದ ಕಟ್ಟಡಗಳ ವಾಚ್‌ಮನ್‌ಗಳ ಫೋನಿನಿಂದ, ಚಹಾ ಅಂಗಡಿಯವರ ಫೋನಿನಿಂದ, ದನಿ ಬದಲಿಸಿ ತನ್ನ ಹೆಂಡತಿಗೇ ಫೋನ್ ಮಾಡತೊಡಗಿದ. ಒಂದು ದಿನ ಬ್ಯಾಂಕಿನ ಮ್ಯಾನೇಜರು. ಒಂದು ದಿನ ಬಹುಮಾನ ಬಂದಿದೆ ಎನ್ನುವ ಹುಡುಗಿ. ಒಂದು ದಿನ ಗದರಿಸುವ ಪೊಲೀಸು. ಮೊದಮೊದಲು ಅವಳು ಎಲ್ಲದಕ್ಕೂ ಬಿದ್ದಳು. ಸಂಜೆ ಮನೆಗೆ ಬಂದು, "ಇವತ್ತು ಪೊಲೀಸಿಗೆ ನಿನ್ನ ಹುಟ್ಟಿದ ತಾರೀಖು ಹೇಳಿದ್ಯಲ್ಲ, ನನಗೇ ಯಾವತ್ತೂ ಸರಿಯಾಗಿ ಹೇಳಿಲ್ಲ ನೀನು" ಎಂದು ರೇಗಿಸುತ್ತಿದ್ದ. ಬರುಬರುತ್ತಾ ಅವಳು ಗಟ್ಟಿಯಾದಳು. ಕಟ್ ಮಾಡುವುದು, ಆ ನಂಬರನ್ನು ಬ್ಲಾಕ್ ಮಾಡುವುದು, ಆಮೇಲೆ ಯಾರ ಹೆಸರು ಹೇಳಿದ್ದರೋ ಅವರ ಸರಿಯಾದ ನಂಬರಿಗೆ ತಾನೇ ಮಾಡಿ ವಿಚಾರಿಸುವುದು, ಎಲ್ಲ ನೀರು ಕುಡಿದಷ್ಟು ಸುಲಭವಾಯಿತು.

ಒಂದು ಸಲ ಅಣ್ಣನ ತಮಾಷೆ ಅತಿಯಾಯಿತು. ಯಾರದೋ ದನಿಯಲ್ಲಿ, ನಿಮ್ಮ ಯಜಮಾನರಿಗೆ ಅಪಘಾತವಾಗಿದೆ, ಆಸ್ಪತ್ರೆಗೆ ಹಣ ಕಳಿಸಿ ಎಂದುಬಿಟ್ಟ. ಅತ್ತಿಗೆ ಅಂಗಡಿ ತೆರೆದಿಟ್ಟು ಬರಿಗಾಲಲ್ಲಿ ರಸ್ತೆಗೆ ಓಡಿದ್ದಳು. ಅದನ್ನು ಕೇಳಿ ಅವನ ಮುಖ ಸಪ್ಪಗಾಯಿತು. ಅವತ್ತು ಇಬ್ಬರೂ ಸೇರಿ ಒಂದು ಗುಟ್ಟಿನ ಪ್ರಶ್ನೆ ಮಾಡಿಕೊಂಡರು. ಯಾವ ಫೋನಿನಿಂದ ಯಾರೇ ಮಾಡಲಿ, ಎಂಥ ಆಪತ್ತೇ ಇರಲಿ, ಅವಳು ಆ ಪ್ರಶ್ನೆ ಕೇಳಬೇಕು. ಉತ್ತರ ಬರದಿದ್ದರೆ ಕಟ್.

"ನಾನೇ ಅತ್ತು ಕರೆದ್ರೂ ಕರಗಬೇಡ," ಎಂದ ಅಣ್ಣ. "ನನ್ನ ದನಿನೂ ಕದೀತಾರೆ ಈಗಿನ ಕಾಲದಲ್ಲಿ."

"ಬಿಡಿ, ನಿಮ್ಮ ದನಿ ಯಾರಿಗೆ ಬೇಕು," ಎಂದು ಅವಳು ನಕ್ಕಿದ್ದಳು.

ಫೋನಿನಲ್ಲಿ ಬೇಡ ಅನ್ನಲು ಕಲಿತ ಬಾಯಿಗೆ ಅಂಗಡಿಯಲ್ಲೂ ಧೈರ್ಯ ಬಂತು. ಯಾವ ಕೆಲಸಕ್ಕೆ ಎಷ್ಟೆಂದು ರಟ್ಟಿನ ಮೇಲೆ ಬರೆದು ಗೋಡೆಗೆ ತೂಗುಹಾಕಿದಳು. ಹಲ್ಲು ಕಿರಿಯುವವರಿಗೆ ರಟ್ಟನ್ನು ತೋರಿಸುತ್ತಿದ್ದಳು. ಹೊಸ ಮೆಷೀನು ಬಂತು. ಬಟ್ಟೆಗೆ ಕಾದು ಕೂತ ಹೆಂಗಸರಿಗೆ ಅವಳೇ ಪಾಠ ಮಾಡತೊಡಗಿದಳು, ಅಳತೆ ಟೇಪು ಕೊರಳಿಗೆ ಹಾಕಿಕೊಂಡು. "ಅವಸರ ಮಾಡೋನು ಕಳ್ಳ ಅಂತಿಟ್ಕೊಳ್ಳಿ. ನಮ್ಮೋರು ಯಾವತ್ತೂ ಓಟಿಪಿ ಕೇಳಲ್ಲ." ಅಣ್ಣ ಇದನ್ನು ಬಾಗಿಲಾಚೆ ನಿಂತು ಕೇಳಿಸಿಕೊಂಡು, ನನ್ನ ಕಡೆ ಹುಬ್ಬು ಹಾರಿಸುತ್ತಿದ್ದ. ಹೆಂಡತಿಯ ಬಗ್ಗೆ ಅಷ್ಟು ಹೆಮ್ಮೆ ಅವನಿಗೆ.

ಆ ದಿನ ಶಾಲೆ ಶುರುವಾಗುವ ಮುಂಚಿನ ವಾರ. ಅಂಗಡಿಯ ತುಂಬ ಸಮವಸ್ತ್ರದ ರಾಶಿ. ನಾನು ಗುಂಡಿ ಹಾಕಿಕೊಡುತ್ತಿದ್ದೆ, ನಾಲ್ಕಾರು ಹೆಂಗಸರು ಕಾಯುತ್ತಿದ್ದರು. ಅತ್ತಿಗೆಯ ಫೋನು ಹೊಡೆದುಕೊಂಡಿತು. ಗುರುತಿಲ್ಲದ ನಂಬರು. ನನಗೆ ಕಣ್ಣು ಮಿಟುಕಿಸಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದಳು.

"ಅಮ್ಮ, ನಿಮ್ಮ ಯಜಮಾನ್ರು ಇಲ್ಲಿ ಬಿದ್ದಿದಾರೆ. ಬೇಗ ಬನ್ನಿ," ಎಂದಿತು ಒಂದು ಗಂಡು ದನಿ.

"ಅವ್ರ ಕೈಗೇ ಕೊಡಿ," ಎಂದಳು ಅತ್ತಿಗೆ.

ಆ ಕಡೆಯಿಂದ ಉಸಿರು ಕೇಳಿಸಿತು. ಆಮೇಲೆ ಬಾಯಲ್ಲಿ ಬಟ್ಟೆ ತುರುಕಿದಂಥ ಒಂದು ಸದ್ದು. ಕುಡಿದವನ ದನಿಯನ್ನು ಅಣ್ಣ ಹಿಂದೆಯೂ ತೆಗೆದಿದ್ದ. ಅತ್ತಿಗೆ ನಗು ತಡೆದುಕೊಂಡು ಗುಟ್ಟಿನ ಪ್ರಶ್ನೆ ಕೇಳಿದಳು. ಅದೇ ಸದ್ದು. ಇನ್ನೊಮ್ಮೆ ಕೇಳಿದಳು. ಇನ್ನೂ ಜೋರಾಗಿ ಅದೇ ಸದ್ದು.

"ಉತ್ತರ ಇಲ್ಲ ಅಂದ್ರೆ ಗಂಡನೂ ಇಲ್ಲ," ಎಂದು ಕಟ್ ಮಾಡಿ, ಬ್ಲಾಕ್ ಮಾಡಿದಳು. ಅಂಗಡಿಯಲ್ಲಿದ್ದವರೆಲ್ಲ ನಕ್ಕೆವು. ಪಾಠದಲ್ಲಿ ಹೇಳುವಂತೆ ಅಣ್ಣನ ನಂಬರಿಗೂ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಪರೀಕ್ಷೆ ಮಾಡುವ ದಿನ ಅವನು ಎತ್ತುತ್ತಲೇ ಇರಲಿಲ್ಲ. ಅವಳು ಮತ್ತೆ ಹೊಲಿಗೆಗೆ ಕೂತಳು.

ಅಣ್ಣನ ಫೋನು ಉಪಕರಣದ ಚೀಲದೊಳಗೆ, ಆ ಕಟ್ಟಡದ ತುತ್ತತುದಿಯಲ್ಲಿ, ಲಿಫ್ಟಿನ ಮೋಟರಿನ ಕೋಣೆಯಲ್ಲಿತ್ತು. ಮೆದುಳಿನಲ್ಲಿ ರಕ್ತನಾಳ ಒಡೆದಿತ್ತಂತೆ. ಚಹಾಕ್ಕೆಂದು ಕೆಳಗೆ ಬಂದವನು ಲಿಫ್ಟಿನ ಬಾಗಿಲಲ್ಲೇ ಕುಸಿದಿದ್ದ. ಲಿಫ್ಟ್ ಕಂಪನಿಯವರು ನಮಗೆ ತಿಳಿಸಿ, ನಾವು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವನಿಗೆ ಎಚ್ಚರವಿರಲಿಲ್ಲ. ಮತ್ತೆ ಎಚ್ಚರ ಬರಲೂ ಇಲ್ಲ. ನೀವು ಫೋನ್ ಕಟ್ ಮಾಡದೆ ಆಗಲೇ ಓಡಿ ಬಂದಿದ್ದರೂ ಇದು ನಿಲ್ಲುತ್ತಿರಲಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಅತ್ತಿಗೆ ತಲೆಯಾಡಿಸಿದಳು. ಅವಳು ಕೇಳಿದ್ದು ಅದನ್ನಲ್ಲ. ಕೊನೆಗೆ ಒಂದು ಸಲ ಮಾತಾಡಲು ಹುಡುಕಿದವರ ಮುಖಕ್ಕೆ ತಾನು ಬಾಗಿಲು ಹಾಕಿದ್ದಕ್ಕೆ ಅವರು ಏನಂದುಕೊಂಡರು ಎಂಬುದಷ್ಟೇ ಅವಳ ಸಂಕಟ.

ಅಂಗಡಿ ನಡೆಯಿತು, ಪಾಠ ನಿಂತಿತು. ಕಣ್ಣೀರೂ ಇಲ್ಲ, ಆ ಒಂದು ಪ್ರಶ್ನೆ ಬಿಟ್ಟರೆ ಬೇರೆ ಮಾತೂ ಇಲ್ಲ. ಆ ನಂಬರಿನ ಬ್ಲಾಕ್ ತೆಗೆದಳು, ಆದರೆ ಅದಕ್ಕೆ ಫೋನ್ ಮಾಡಲು ಬೆರಳು ಬರಲಿಲ್ಲ. ನಾನು ಮಾಡುತ್ತೇನೆಂದರೆ ಫೋನ್ ಕಸಿದುಕೊಂಡಳು. ಏನು ಉತ್ತರ ಬರುತ್ತದೋ ಎಂದು ಅವಳಿಗೆ ಜೀವ ಹಾರುತ್ತಿತ್ತು.

ಕೊನೆಗೆ ಅವತ್ತು ಫೋನ್ ಮಾಡಿದವನೇ ಬಂದ, ಆ ಕಟ್ಟಡದ ವಾಚ್‌ಮನ್. ಅಣ್ಣನ ವಯಸ್ಸಿನವನು, ಬಟ್ಟೆ ಮಾಸಿದೆ ಎಂದು ಒಳಗೆ ಬಂದು ಕೂರಲು ಸಂಕೋಚಪಟ್ಟ. ಮೋಟರಿನ ಕೋಣೆಯ ಬೀಗ ತೆಗೆಸಿ, ಚೀಲವನ್ನು ತಲುಪಿಸಲು ತಂದಿದ್ದ. ಅತ್ತಿಗೆ ನೀರು ಕೊಟ್ಟಳು. ಅವನು ಕುಡಿದು ಲೋಟ ಕೆಳಗಿಡುವವರೆಗೂ ಕಾದಳು.

"ನಾನು ಕಟ್ ಮಾಡಿದ ಮೇಲೆ ಅವ್ರು ಏನ್ಮಾಡಿದ್ರು? ಇದ್ದದ್ದು ಇದ್ದ ಹಾಗೆ ಹೇಳಿ. ನನ್ನ ಸಮಾಧಾನಕ್ಕೆ ಅಂತ ಏನೂ ಸೇರಿಸಬೇಡಿ."

ಅವನು ನನ್ನ ಮುಖ ನೋಡಿದ. ಹೇಳಿ ಎಂದು ನಾನೂ ಅಂದೆ.

"ಮೊದಲ್ನೇ ಸಲ ನನ್ನ ಫೋನಲ್ಲಿ ಅವ್ರೇ ಒಂದು ಕೈಲಿ ನಿಮ್ಮ ನಂಬರ್ ಒತ್ತಿದ್ರಮ್ಮ. ಕಟ್ ಆದ್ಮೇಲೆ ಇನ್ನೊಂದ್ಸಲ ಮಾಡು ಅಂತ ಕೈಸನ್ನೆ ಮಾಡಿದ್ರು. ಮಾಡ್ದೆ, ಹೋಗ್ಲಿಲ್ಲ. ಮತ್ತೆ ಮಾಡು ಅಂದ್ರು. 'ನನ್ನ ನಂಬರ್ ಬ್ಲಾಕ್ ಮಾಡಿದಾರೆ ಅನ್ಸುತ್ತೆ ಸಾರ್' ಅಂದೆ. ಅದಕ್ಕೆ ನಕ್ಕರು."

"ನಕ್ಕರಾ?"

"ಒಂದು ಕಡೆ ಬಾಯಿ ಸೊಟ್ಟ ಆಗಿತ್ತು, ಇನ್ನೊಂದು ಕಡೆಯಿಂದ ನಕ್ಕರು. ಮಕ್ಳು ಪಾಸಾದ್ರೆ ನಾವು ತಲೆ ಆಡಿಸಲ್ವಾ, ಹಾಗೆ ಆಡಿಸಿದ್ರು. ಇದೇನು ನಗೋ ಹೊತ್ತಾ ಅಂತ ನಂಗೆ ಸಿಟ್ಟೇ ಬಂತು. ಆಮೇಲೆ ನನ್ನ ಕೈ ಹಿಡ್ಕೊಂಡ್ರು. ಗಾಡಿಗೆ ಹತ್ತಿಸೋವರೆಗೂ ಬಿಡ್ಲಿಲ್ಲ."

ನನ್ನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ವಾಚ್‌ಮನ್ ಹೋದ ಮೇಲೆ ಅವಳ ಭುಜ ಹಿಡಿದು, "ಕೇಳಿದ್ಯಾ ಅತ್ತಿಗೆ? ಅಣ್ಣ ತಪ್ಪು ತಿಳ್ಕೊಂಡಿಲ್ಲ. ಇನ್ನಾದ್ರೂ ಸಮಾಧಾನ ಮಾಡ್ಕೋ" ಎಂದೆ.

ಅವಳು ಚೀಲವನ್ನು ಮಡಿಲಿಗೆ ಎಳೆದುಕೊಂಡು, ಅಷ್ಟು ತಿಂಗಳಲ್ಲಿ ಮೊದಲ ಸಲ ಬಾಯಿಬಿಟ್ಟು ಅತ್ತಳು. ನಾನು ಏನು ಹೇಳಿದರೂ ನಿಲ್ಲಲಿಲ್ಲ.

"ಬೈಕೊಂಡು ಹೋಗಿದ್ರೆ ಆಗ್ತಿತ್ತು ಕಣೆ," ಎಂದಳು ಬಿಕ್ಕುತ್ತಾ. "ಕೈಬಿಟ್ಟಳು ಅಂದ್ಕೊಂಡಿದ್ರೂ ತಡ್ಕೋತಿದ್ದೆ. ಅವ್ರಿಗೆ ಎಲ್ಲ ಅರ್ಥ ಆಗಿತ್ತು, ನಾನು ಎತ್ತಲ್ಲ ಅಂತ ಗೊತ್ತಿತ್ತು. ಅಷ್ಟು ಗೊತ್ತಿದ್ದೂ ಇನ್ನೊಂದ್ಸಲ ಮಾಡು ಅಂದ್ರಲ್ಲ. ಎಷ್ಟು ಭಯ ಆಗಿತ್ತೋ ಅವ್ರಿಗೆ."