ಪರಮೇಶನ ಎರಡು ಪ್ಯಾಟರ್ನ್

ಭದ್ರಾವತಿಯ ಎರಕದ ಕಾರ್ಖಾನೆಯೊಂದರಲ್ಲಿ ಪರಮೇಶ್ ಹನ್ನೆರಡು ವರ್ಷಗಳಿಂದ ಮರದ ಪ್ಯಾಟರ್ನ್ ಕೆತ್ತುತ್ತಿದ್ದ. ಪ್ಯಾಟರ್ನನ್ನು ಮರಳಿಗೆ ಒತ್ತಿ ಅಚ್ಚು ತೆಗೆಯುತ್ತಾರೆ, ಅಚ್ಚಿಗೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ಎರಕ ಆರಿದ ಮೇಲೆ ಅಚ್ಚನ್ನು ಒಡೆದುಬಿಡುತ್ತಾರೆ; ಪ್ಯಾಟರ್ನ್ ಉಗ್ರಾಣಕ್ಕೆ ಮರಳುತ್ತದೆ. ಅಚ್ಚು ಕೆಟ್ಟರೆ ಒಂದು ಎರಕ ಹಾಳು. ಪ್ಯಾಟರ್ನೇ ಕೆಟ್ಟರೆ ಎಲ್ಲವೂ ಹಾಳು.

ಅವನ ಹಿಮೋಗ್ಲೋಬಿನ್ ಯಾವಾಗಲೂ ಸ್ವಲ್ಪ ಕಡಿಮೆ. "ದಿನಾ ಕಬ್ಬಿಣದ ಜೊತೆ ಇದ್ದು ಕಬ್ಬಿಣದ ಮಾತ್ರೆ ನುಂಗ್ತೀಯಲ್ಲೋ ಮಾರಾಯ" ಎಂದು ಜೊತೆಯವರು ನಗುತ್ತಿದ್ದರು. ಮಾತ್ರೆಯಿಂದ ಏನೂ ಏರಲಿಲ್ಲ. ೧೯೯೮ರಲ್ಲಿ, ಹೆಂಡತಿ ಧನಲಕ್ಷ್ಮಿಗೆ ಮೂರು ತಿಂಗಳಾಗಿದ್ದಾಗ, ಶಿವಮೊಗ್ಗದ ಸವಳಂಗ ರಸ್ತೆಯ ಲ್ಯಾಬಿನಲ್ಲಿ ಕಾರಣ ತಿಳಿಯಿತು.

"ನಿಮಗೆ ಥಲಸ್ಸೇಮಿಯಾ ಕಾಯಿಲೆ ಇಲ್ಲ. ನೀವು ಅದರ ಕ್ಯಾರಿಯರ್ ಅಷ್ಟೆ" ಎಂದರು ಲ್ಯಾಬಿನ ವೇದಾ.

"ಕ್ಯಾರಿಯರ್ ಅಂದ್ರೆ ಊಟದ್ದಾ ಮೇಡಂ?"

ಅಲ್ಲ, ತನಗೆ ಕಾಯಿಲೆ ಇಲ್ಲದೆ ಅದರ ದೋಷವನ್ನು ಹೊತ್ತು ಮಕ್ಕಳಿಗೆ ದಾಟಿಸಬಲ್ಲವರು. ಧನಲಕ್ಷ್ಮಿಯೂ ಕ್ಯಾರಿಯರ್ ಆಗಿದ್ದರೆ, ಮಗುವಿಗೆ ಜೀವನಪೂರ್ತಿ ರಕ್ತ ಕೊಡಿಸಬೇಕಾದ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅವಳ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು.

ಒಂದು ವಾರ ಪರಮೇಶನಿಗೆ ಅನ್ನ ಇಳಿಯಲಿಲ್ಲ. ವರದಿಯ ದಿನ ಧನಲಕ್ಷ್ಮಿಯ ಜೊತೆ ಲ್ಯಾಬಿಗೆ ಬಂದು ಅವನೇ ಮೊದಲು ಬಾಯಿಬಿಟ್ಟ. "ನನ್ನ ಪ್ಯಾಟರ್ನೇ ಕೆಟ್ಟಿದೆ ಮೇಡಂ. ಇವಳು ಚೆನ್ನಾಗಿದ್ರೂ ಏನು ಬಂತು?"

ಪ್ಯಾಟರ್ನ್ ಎಂದರೇನೆಂದು ಕೇಳಿ ತಿಳಿದ ವೇದಾ ತಲೆಯಾಡಿಸಿದರು. "ಸರಿಯಾಗೇ ಹೇಳಿದ್ರಿ. ಜೀನ್ ಅಂದ್ರೆ ಅದೇ. ಜೀವಕೋಶ ಅದರಿಂದ ಆರ್‌ಎನ್‌ಎ ಅನ್ನೋ ಅಚ್ಚು ತೆಗೆಯುತ್ತೆ, ಆ ಅಚ್ಚಿನ ಪ್ರಕಾರ ಪ್ರೋಟೀನ್ ಮಾಡುತ್ತೆ. ಹಿಮೋಗ್ಲೋಬಿನ್ ಅಂಥ ಪ್ರೋಟೀನು. ಕೋಶ ಒಂದು ಹೋಗಿ ಎರಡಾಗುವಾಗ ಪ್ಯಾಟರ್ನೂ ನಕಲಾಗುತ್ತೆ, ಅದರಲ್ಲಿರೋ ತಪ್ಪೂ ಜೊತೆಗೇ ಬರುತ್ತೆ."

"ನೋಡಿ ಮತ್ತೆ!"

"ತಡೀರಿ. ನಿಮ್ಮ ಉಗ್ರಾಣದಲ್ಲಿ ಒಂದೇ ಪ್ಯಾಟರ್ನ್ ಅಂದ್ಕೊಂಡಿದ್ದೀರಿ. ಎರಡಿವೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಒಂದು ಕೆಟ್ಟಿದೆ, ಇನ್ನೊಂದರಲ್ಲೇ ನೀವು ಇಷ್ಟು ವರ್ಷ ಉಳಿ ಹಿಡಿದಿದ್ದೀರಿ."

"ಮಗೂಗೆ?"

ವೇದಾ ಲಕೋಟೆ ತೆರೆದು ಅಂಕಿಗಳನ್ನು ಎರಡು ಸಲ ಓದಿದರು. "ಧನಲಕ್ಷ್ಮಿಯವರದ್ದು ಎರಡೂ ಸರಿಯಿವೆ. ನಿಮ್ಮಿಂದ ಯಾವುದು ಹೋದ್ರೂ ಇವರಿಂದ ಒಳ್ಳೇದೇ ಹೋಗುತ್ತೆ. ಮಗೂಗೆ ಆ ಕಾಯಿಲೆಯ ಭಯ ಬೇಡ."

ಪರಮೇಶ್ ಬೆಂಚಿನ ಮೇಲೆ ಕೂತ. ಮುಖ್ಯವಾದ ಪ್ಯಾಟರ್ನಿಗೆಲ್ಲ ಒಂದು ಸ್ಪೇರ್ ಕೆತ್ತಿಡುವುದು ಅವನದೇ ಕೆಲಸ. ಅದೊಂದೇ ಅವನಿಗೆ ಈ ವಾರವೆಲ್ಲ ಹೊಳೆದಿರಲಿಲ್ಲ.

"ಏಳ್ರೀ, ಬೆಳಿಗ್ಗೆಯಿಂದ ಹೊಟ್ಟೇಲಿ ಒಂದಗುಳಿಲ್ಲ" ಎಂದು ಧನಲಕ್ಷ್ಮಿ ಚೀಲದಿಂದ ಮೂರು ಅಂತಸ್ತಿನ ಊಟದ ಡಬ್ಬಿ ತೆಗೆದಳು. "ಇದೂ ಕ್ಯಾರಿಯರ್ರೇ. ಇದನ್ನಾದ್ರೂ ಖಾಲಿ ಮಾಡಿ."

ಅವನು ಹೊರಗೆ ಬಂದು, ಲ್ಯಾಬಿನ ಮೆಟ್ಟಿಲ ಮೇಲೆ ಕೂತು, ಮೂರು ಡಬ್ಬಿಯನ್ನೂ ಖಾಲಿ ಮಾಡಿದ.